ಬ್ರೇಕಣ್ಣನ ಸ್ಟೆಪ್ನಿ

ಆ ಮೊಳೆ ಕಿರುಬೆರಳಿನಷ್ಟೂ ಉದ್ದವಿರಲಿಲ್ಲ. ರಸ್ತೆಯಲ್ಲಿ ಅಷ್ಟೊಂದು ಗಾಡಿಗಳು ಓಡಾಡುತ್ತಿದ್ದರೂ ಅದು ಬ್ರೇಕಣ್ಣನ ಕಾರನ್ನೇ ಆರಿಸಿಕೊಂಡಿತು. ಕಾರಿಗೆ ನಾಲ್ಕು ಚಕ್ರಗಳಿದ್ದರೂ ಮುಂದಿನ ಎಡಗಡೆಯದನ್ನೇ ಆರಿಸಿಕೊಂಡಿತು. ಹಿಂದಿನದಕ್ಕೆ ಚುಚ್ಚಿದ್ದರೆ ಅವನು ಇವತ್ತು ಮ್ಯಾನೇಜರ್ ಆಗಿರುತ್ತಿದ್ದ.

ಬ್ರೇಕಣ್ಣ ಎನ್ನುವುದು ಆಫೀಸಿನವರು ಇಟ್ಟ ಹೆಸರು. ಆಸ್ಪತ್ರೆ, ಹೋಟೆಲುಗಳ ಹಾಸು, ದಿಂಬಿನ ಚೀಲ, ಟವೆಲುಗಳನ್ನು ಒಗೆದು ಇಸ್ತ್ರಿ ಮಾಡಿ ಕೊಡುವ ಕಂಪನಿಯೊಂದರಲ್ಲಿ ಅವನು ದೂರು ವಿಭಾಗದ ಮುಖ್ಯಸ್ಥ. ಆ ವಿಭಾಗದಲ್ಲಿ ಇದ್ದವನೂ ಅವನೊಬ್ಬನೇ. ಆಫೀಸಿನ ಕಾರಿಡಾರಿನಲ್ಲಿ ನಡೆಯುವಾಗಲೂ ತಿರುವಿನಲ್ಲಿ ನಿಂತು, ಆಚೀಚೆ ನೋಡಿ ಮುಂದುವರಿಯುವ ಆಸಾಮಿ. ಮಾತಿಗೆ ತೊಡಗಿದರೆ ನಡುವೆ ತಡೆದು, ಮುಂದೆ ಅಪಾಯವೇನೂ ಇಲ್ಲವೆಂದು ಖಾತ್ರಿ ಮಾಡಿಕೊಂಡ ಮೇಲೆಯೇ ಕ್ರಿಯಾಪದಕ್ಕೆ ಬರುತ್ತಿದ್ದ. ಅಷ್ಟರಲ್ಲಿ ಕೇಳುವವರು ಊಟಕ್ಕೆ ಹೋಗಿರುತ್ತಿದ್ದರು.

ಇಂಥವನಿಗೆ ಹೋದ ತಿಂಗಳು ಹೆಂಡತಿಯ ಅಣ್ಣ ಗಂಟುಬಿದ್ದ. ಈ ಭಾವನದು ಕಾರಿನ ಬಿಡಿಭಾಗಗಳ ಅಂಗಡಿ.

"ಗಾಡಿ ಓಡಿಸೋದು ಯಾರು ಬೇಕಾದ್ರೂ ಓಡಿಸ್ತಾರೆ ಕಣಯ್ಯ. ನಿಲ್ಲಿಸೋದ್ರಲ್ಲಿದೆ ಎಲ್ಲಾ. ನಿನ್ನ ಬ್ರೇಕಿನ ಡಿಸ್ಕ್ ನೋಡಿದೀಯಾ? ಲೋಟದ ಮುಚ್ಚಳ ಇದ್ದ ಹಾಗಿದೆ. ದೊಡ್ಡದು ಹಾಕಿಸು. ಡಿಸ್ಕ್ ಅಗಲ ಆದಷ್ಟೂ ಹಿಡಿತ ಜಾಸ್ತಿ."

ಹಿಡಿತ ಎಂಬ ಮಾತು ಕಿವಿಗೆ ಬಿದ್ದದ್ದೇ ಬ್ರೇಕಣ್ಣ ಕರಗಿಹೋದ. ಮನೆಯಲ್ಲಾಗಲಿ ಆಫೀಸಿನಲ್ಲಾಗಲಿ ಅವನಿಗೆ ಯಾವುದರ ಮೇಲೂ ಹಿಡಿತವಿರಲಿಲ್ಲ. ಕಾರಿನ ಮೇಲಾದರೂ ಇರಲಿ ಎಂದು ಒಪ್ಪಿದ. ಮುಂದಿನ ಎರಡೂ ಕಡೆ ದೊಡ್ಡ ಡಿಸ್ಕ್ ಬಿತ್ತು. ಬಿದ್ದ ಮೇಲೆ ನೋಡಿದರೆ, ಹಳೆಯ ಚಕ್ರ ಅದರ ಮೇಲೆ ಕೂರಲೊಲ್ಲದು.

"ಅದು ಕೂರಲ್ಲ," ಎಂದ ಭಾವ, ಮೊದಲೇ ಗೊತ್ತಿದ್ದವನ ಹಾಗೆ. "ಡಿಸ್ಕ್ ದೊಡ್ಡದಾಯ್ತಲ್ಲ, ಅದನ್ನ ಅಮುಕಿ ಹಿಡಿಯೋ ಕ್ಯಾಲಿಪರೂ ಹೊರಗೆ ಸರೀತು. ಅದರ ಸುತ್ತ ರಿಮ್ ತಿರುಗಬೇಕಾದ್ರೆ ಒಳಗೆ ಜಾಗ ಬೇಡ್ವಾ? ಚಕ್ರಾನೂ ದೊಡ್ಡದು ಹಾಕಿಸಿಬಿಡು. ನಾಲ್ಕೂ."

ನಾಲ್ಕೂ ಹಾಕಿಸಿದ. ಡಿಕ್ಕಿಯೊಳಗೆ ಮಲಗಿದ್ದ ಹಳೆಯ ಸ್ಟೆಪ್ನಿಯನ್ನು ತೋರಿಸಿ, "ಇದೂ..." ಎಂದು ತಡೆದು, "ಬದಲಾಯಿಸಬೇಕಾ?" ಎಂದು ಕೇಳಿದ.

"ಇರಲಿ ಬಿಡಯ್ಯ! ಸ್ಟೆಪ್ನಿ ಯಾರಿಗೆ ಯಾವಾಗ ಬೇಕಾಗುತ್ತೆ?"

ಬೇಕಾದದ್ದು ಮ್ಯಾನೇಜರ್ ನಿವೃತ್ತರಾಗುವ ದಿನ. ಅವತ್ತು ಮಧ್ಯಾಹ್ನ ಊರಾಚೆಯ ಸಭಾಂಗಣದಲ್ಲಿ ಬೀಳ್ಕೊಡುಗೆ ಇತ್ತು. ತಮ್ಮ ಕುರ್ಚಿ ಇನ್ನು ಯಾರಿಗೆ ಎಂಬುದನ್ನು ಮ್ಯಾನೇಜರೇ ವೇದಿಕೆಯಲ್ಲಿ ಹೇಳುವವರಿದ್ದರು. ಕಂಪನಿಯ ಮಾಲೀಕರು ಆ ಮಾತನ್ನು ಅವರಿಗೇ ಬಿಟ್ಟಿದ್ದರು. ಕುರ್ಚಿಯ ಮೇಲೆ ಕಣ್ಣಿಟ್ಟವರು ಇಬ್ಬರು. ಒಬ್ಬ ಬ್ರೇಕಣ್ಣ. ಇನ್ನೊಬ್ಬ ಮಾರಾಟ ವಿಭಾಗದ ನಗುಮುಖ, ವಯಸ್ಸಿನಲ್ಲೂ ಸರ್ವಿಸಿನಲ್ಲೂ ತೀರ ಕಿರಿಯ. ಗಿರಾಕಿಗಳು ಮುಖದ ಮೇಲೆ ಉಗಿದರೂ ನಗುತ್ತಲೇ ಒರೆಸಿಕೊಂಡು, ಬ್ರೇಕಣ್ಣನ ಮೇಜಿನ ಕಡೆ ಕೈ ತೋರಿಸುವವನು.

ಮ್ಯಾನೇಜರ ಕಾರು ಕೆಟ್ಟಿತ್ತು. "ನಿಮ್ಮ ಕಾರಲ್ಲೇ ಬರ್ತೀನ್ರೀ," ಎಂದು ಅವರು ಬ್ರೇಕಣ್ಣನಿಗೆ ಹೇಳಿದಾಗ ಅವನ ಹೆಂಡತಿಯ ಸಂಭ್ರಮ ಹೇಳತೀರದು. "ರೀ, ಇದಕ್ಕಿಂತ ಸೂಚನೆ ಇನ್ನೇನು ಬೇಕು? ಆ ಬಿಳಿ ಅಂಗಿ ಹಾಕ್ಕೊಳ್ಳಿ. ನಾನು ಪಕ್ಕದ ಮನೆಯವರಿಗೆ ಹೇಳಿಬಿಟ್ಟೆ," ಎಂದಳು.

ಬಿಳಿ ಅಂಗಿ ತೊಟ್ಟು, ಹಿಂದಿನ ಸೀಟಿನಲ್ಲಿ ಮ್ಯಾನೇಜರನ್ನು ಕೂರಿಸಿಕೊಂಡು, ಎತ್ತಿನಗಾಡಿಯೂ ನಾಚುವಷ್ಟು ನಿಧಾನವಾಗಿ ಬಡಗಿಯೊಬ್ಬನ ಅಂಗಡಿಯ ಮುಂದೆ ಹೋಗುತ್ತಿದ್ದಾಗ ಟೈರು ಉಸ್ಸೆಂದಿತು. ಬ್ರೇಕಣ್ಣ ಬ್ರೇಕು ಒತ್ತಿದ. ಭಾವ ಸುಳ್ಳು ಹೇಳಿರಲಿಲ್ಲ, ಕಾರು ಗೋಡೆ ಕಂಡಂತೆ ನಿಂತಿತು. ಬಾಯಿಪಾಠ ಮಾಡುತ್ತಿದ್ದ ಭಾಷಣದ ಸಮೇತ ಮ್ಯಾನೇಜರ್ ಮುಂದಿನ ಸೀಟಿಗೆ ಹಣೆ ಬಡಿದುಕೊಂಡರು.

"ಏನ್ರೀ ಇದು!"

"ಪಂಚರು ಸಾರ್. ಈಗಲೇ... ಸ್ಟೆಪ್ನಿ ಹಾಕ್ತೀನಿ ಸಾರ್."

ಬಡಗಿ ಉಳಿ ಹಿಡಿದುಕೊಂಡೇ ಹೊರಗೆ ಬಂದ. ಬಗ್ಗಿ ಟೈರಿನಲ್ಲಿದ್ದ ಮೊಳೆಯನ್ನು ನೋಡಿ, ಯಾರೂ ಕೇಳದಿದ್ದರೂ ಸಾಕ್ಷಿ ನುಡಿದ: "ಇದು ನಮ್ಮಂಗಡಿ ಮೊಳೆ ಅಲ್ಲ ಸ್ವಾಮಿ. ನಾವು ಇಷ್ಟು ಒಳ್ಳೆ ಮೊಳೆ ಉಪಯೋಗಿಸೋದೇ ಇಲ್ಲ."

ಬ್ರೇಕಣ್ಣ ಜಾಕ್ ಕೊಟ್ಟು ಎತ್ತಿದ, ನಟ್ಟು ಬಿಚ್ಚಿದ, ಚಕ್ರ ಕಳಚಿದ, ಸ್ಟೆಪ್ನಿಯನ್ನು ಎತ್ತಿ ಹೊಂದಿಸಿದ. ಅದು ಕ್ಯಾಲಿಪರಿಗೆ ಟಣ್ ಎಂದು ಬಡಿದು ವಾಪಸ್ಸು ಬಂತು. ಇನ್ನೊಮ್ಮೆ ಹೊಂದಿಸಿದ. ಮತ್ತೆ ಟಣ್. ಚಿಕ್ಕಂದಿನ ಅಂಗಿಗೆ ಹೊಟ್ಟೆ ಬಂದ ಗಂಡಸನ್ನು ತುರುಕಿದ ಹಾಗಿತ್ತು. ಡಿಕ್ಕಿಯಲ್ಲಿ ಉಳಿದದ್ದು ಹಳೆಯ ಸಣ್ಣ ಚಕ್ರವೆಂದು ಅವನಿಗೆ ಆಗ ಹೊಳೆಯಿತು.

"ಕೂರ್ತಿಲ್ವಾ? ಸ್ವಲ್ಪ ತರೀಲಾ?" ಎಂದು ಬಡಗಿ ಉಳಿ ಎತ್ತಿದ. "ಬಾಗಿಲು ಕೂರದಿದ್ರೆ ನಾವು ಹಾಗೇ ಮಾಡೋದು."

"ಅಯ್ಯೋ ಬೇಡ! ಅದು ಬ್ರೇಕು!"

ಎದುರಿನ ಮಹಡಿಯಲ್ಲಿ ಬಟ್ಟೆ ಹರವುತ್ತಿದ್ದ ಅಜ್ಜಿಯೊಬ್ಬಳು ಕೆಲಸ ಬಿಟ್ಟು ಕಟಕಟೆಗೆ ಒರಗಿದಳು. "ಅಮುಕಪ್ಪ, ಅಮುಕು! ತಿಂದ ಅನ್ನ ಎಲ್ಲಿ ಹೋಯ್ತು?"

ಕೈಚೀಲ ಹಿಡಿದು ಹೋಗುತ್ತಿದ್ದ ನಿವೃತ್ತ ಗಣಿತದ ಮೇಷ್ಟ್ರು ಚೀಲ ಕೆಳಗಿಟ್ಟರು. ಡಿಸ್ಕನ್ನು ಗೇಣಿನಲ್ಲಿ ಅಳೆದರು, ಸ್ಟೆಪ್ನಿಯನ್ನೂ ಗೇಣಿನಲ್ಲಿ ಅಳೆದರು. "ಡಿಸ್ಕಿನ ವ್ಯಾಸ ಚಕ್ರದ ವ್ಯಾಸಕ್ಕಿಂತ ಕಡಿಮೆ. ಆದ್ದರಿಂದ ಇದು ಕೂರಲೇಬೇಕು."

"ಕೂರ್ತಿಲ್ಲ ಸಾರ್. ಕ್ಯಾಲಿಪರ್ ಅಡ್ಡ ಬರ್ತಿದೆ."

"ಅದು ಚಕ್ರದ ತಪ್ಪು. ನನ್ನ ಲೆಕ್ಕ ಸರಿಯಾಗಿದೆ."

ಮ್ಯಾನೇಜರ್ ಕಿಟಕಿಯಿಂದ ತಲೆ ಹಾಕಿದರು. "ಎಷ್ಟು ಹೊತ್ರೀ?"

"ಬಾಡಿಗೆ ಗಾಡಿ... ಕರೀಲಾ ಸಾರ್?"

"ನನ್ನ ಬೀಳ್ಕೊಡುಗೆಗೆ ನಾನು ಬಾಡಿಗೆ ಗಾಡೀಲಿ ಹೋಗಿ ಇಳೀಲಾ? ಇವನ್ನ ಕರಕೊಂಡು ಬರೋಕೂ ಒಬ್ಬರು ಗತಿ ಇಲ್ಲ ಅಂತ ಮಾಲೀಕರು ಅಂದ್ಕೊಳ್ಳಲ್ವೇನ್ರೀ?"

ಬ್ರೇಕಣ್ಣ ಮರೆಗೆ ಹೋಗಿ ಭಾವನಿಗೆ ಫೋನು ಮಾಡಿದ. ಸಂಗತಿ ಕೇಳಿ ಭಾವ ನಿಟ್ಟುಸಿರು ಬಿಟ್ಟ. "ಅಲ್ಲಯ್ಯ, ಹೋಗಿ ಹೋಗಿ ಮುಂದಿನ ಚಕ್ರ ಯಾಕೆ ಪಂಚರ್ ಮಾಡ್ಕೊಂಡೆ? ದೊಡ್ಡ ಸ್ಟೆಪ್ನಿ ಅಂಗಡೀಲಿದೆ. ಎತ್ತಿಡ್ತೀನಿ, ನಾಳೆ ಬಾ."

ಫೋನು ಜೇಬಿಗಿಟ್ಟು ಬ್ರೇಕಣ್ಣ ರಸ್ತೆಯ ಅಂಚಿನಲ್ಲಿ ಕುಕ್ಕರಗಾಲಲ್ಲಿ ಕೂತ. ಮುಂದಿನ ಚಕ್ರ ಯಾಕೆ ಅಂದನಲ್ಲ ಭಾವ? ಹಿಂದಿನದಾಗಿದ್ದರೆ ಏನಾಗುತ್ತಿತ್ತು? ಹಿಂದೆ ದೊಡ್ಡ ಡಿಸ್ಕ್ ಹಾಕಿಸಿಯೇ ಇಲ್ಲ. ಅಲ್ಲಿ ಇರುವುದು ಹಳೆಯ ಬ್ರೇಕೇ.

ಅವನು ತಟ್ಟನೆ ಎದ್ದು ನಿಂತ. ದೂರು ವಿಭಾಗದಲ್ಲಿ ಅವನು ದಿನಾ ಮಾಡುತ್ತಿದ್ದುದು ಇನ್ನೇನು? ಅಗಲದ ಮಂಚಕ್ಕೆ ಸಣ್ಣ ಹಾಸು ಹೋಗಿದೆ ಎಂದು ಹೋಟೆಲಿನವರು ಕೂಗಾಡಿದರೆ, ಸಣ್ಣ ಮಂಚದ ಮೇಲೆ ಸುಮ್ಮನೆ ಜೋತಾಡುತ್ತಿರುವ ದೊಡ್ಡ ಹಾಸನ್ನು ಹುಡುಕಿ ಅದಲು ಬದಲು ಮಾಡುವುದು. ಹಿಂದಿನ ದೊಡ್ಡ ಚಕ್ರ ಮುಂದಕ್ಕೆ. ಸ್ಟೆಪ್ನಿ ಹಿಂದಕ್ಕೆ. ಮುಗಿಯಿತು!

ಮುಗಿಯಿತು ಎಂದುಕೊಂಡಷ್ಟು ಸುಲಭವಾಗಿರಲಿಲ್ಲ. ಇದ್ದದ್ದು ಒಂದೇ ಜಾಕ್. ಕಳಚಿದ್ದ ಪಂಚರು ಚಕ್ರವನ್ನೇ ತಿರುಗಿ ಮುಂದಕ್ಕೆ ಹಾಕಿ ಕಾರು ಇಳಿಸಬೇಕಾಯಿತು.

"ತಲೆ ಕೆಟ್ಟಿತಾ ನಿಂಗೆ? ತೂತು ಬಿದ್ದದ್ದನ್ನೇ ಮತ್ತೆ ಹಾಕ್ತಿದಾನೆ, ನೋಡ್ರೋ!" ಎಂದು ಅಜ್ಜಿ ಅಕ್ಕಪಕ್ಕದ ಮನೆಯವರನ್ನೂ ಕೂಗಿ ಕರೆದಳು.

ಬ್ರೇಕಣ್ಣ ಕಿವಿ ಮುಚ್ಚಿಕೊಂಡವನಂತೆ ಹಿಂದಿನ ಭಾಗವನ್ನು ಎತ್ತಿದ. ಅಲ್ಲಿಯ ದೊಡ್ಡ ಚಕ್ರ ಬಿಚ್ಚಿ ಸ್ಟೆಪ್ನಿಯನ್ನು ಹೊಂದಿಸಿದ. ಅದು ಎಂದಿನ ಮನೆಗೆ ಬಂದಂತೆ ಸದ್ದಿಲ್ಲದೆ ಕೂತಿತು. ಮತ್ತೆ ಮುಂದಕ್ಕೆ ಬಂದು ಜಾಕ್ ಇಟ್ಟ. ಅಂಗಿಯ ಬಿಳುಪು ಹೋಗಿ, ಕಂಪನಿಯ ಯಾವ ಸೋಪಿಗೂ ಬಗ್ಗದಂಥ ಕಪ್ಪು ಬಂದಿತ್ತು. ಮ್ಯಾನೇಜರ್ ಕಾರಿನಿಂದ ಇಳಿದು, ಕೈ ಹಿಂದೆ ಕಟ್ಟಿಕೊಂಡು, ಕಣ್ಣು ಮಿಟುಕಿಸದೆ ನೋಡುತ್ತಿದ್ದರು.

"ಭಲೆ! ನಿಮ್ಮಲ್ಲಿ ಇಂಥದೊಂದು ಇದೆ ಅಂತ ನಂಗೆ ಗೊತ್ತೇ ಇರಲಿಲ್ವಲ್ರೀ!"

ಅಷ್ಟೂ ವರ್ಷಗಳಲ್ಲಿ ಅವರು ಅವನನ್ನು ಹೊಗಳಿದ್ದು ಅದೇ ಮೊದಲು. ಬ್ರೇಕಣ್ಣನ ಕೈಯಿಂದ ನಟ್ಟು ಜಾರಿ ಚರಂಡಿಯ ಕಡೆ ಉರುಳಿತು. ಅವನು ಹೊಟ್ಟೆಯ ಮೇಲೆ ಬಿದ್ದು ಹಿಡಿದ. ಅದಕ್ಕೂ ಮ್ಯಾನೇಜರ್ "ಭಲೆ" ಎಂದರು.

ಆ ಹೊತ್ತಿಗೆ ಹೊಳೆಯುವ ಕಾರೊಂದು ಪಕ್ಕದಲ್ಲಿ ನಿಂತಿತು. ಒಳಗಿನಿಂದ ನಗುಮುಖ ಇಣುಕಿದ.

"ಅಯ್ಯೋ ಅಣ್ಣಾ, ಏನಾಯ್ತು? ಸಾರ್, ಬಿಸಿಲಲ್ಲಿ ಯಾಕೆ ನಿಂತಿದೀರಾ? ಮಾಲೀಕರು ಆಗಲೇ ಬಂದು ಕೂತಿದಾರೆ."

ಮ್ಯಾನೇಜರ್ ಗಡಿಯಾರ ನೋಡಿದರು. "ನಾನು ಇವರ ಜೊತೆ ಹೋಗಿರ್ತೀನಿ. ನೀವು ಮುಗಿಸ್ಕೊಂಡು ಬನ್ನಿ." ಬ್ರೇಕಣ್ಣನ ಮುಖ ಬಾಡಿದ್ದು ಅವರಿಗೂ ಕಂಡಿರಬೇಕು. ಹತ್ತಿರ ಬಂದು ದನಿ ತಗ್ಗಿಸಿದರು. "ಬೇಜಾರು ಮಾಡ್ಕೊಬೇಡ್ರೀ. ನಿಮ್ಮ ವಿಷಯದಲ್ಲಿ ನಾನು ಇವತ್ತು ಒಂದು ಗಟ್ಟಿ ತೀರ್ಮಾನಕ್ಕೆ ಬಂದಿದೀನಿ."

ಆ ಮಾತಿನ ಹುರುಪಿನಲ್ಲಿ ಉಳಿದ ನಟ್ಟುಗಳು ತಾವಾಗಿಯೇ ತಿರುಗಿದಂತಾಯಿತು. ಹೆಂಡತಿಗೆ ಫೋನು ಮಾಡಿ ವಿಷಯ ಹೇಳಿದ. "ಹಾಗಾದ್ರೆ ಆಯ್ತು ಅಂದ್ಕೊಳ್ಳಿ!" ಎಂದು ಅವಳು ಪಕ್ಕದ ಮನೆಗೆ ಓಡಿದಳು. ಬಡಗಿ ಕೈ ಒರೆಸಿಕೊಳ್ಳಲು ಒಂದು ಹಿಡಿ ಮರದ ಹೊಟ್ಟು ಕೊಟ್ಟ. ಮೇಷ್ಟ್ರು ಮಾತ್ರ, "ಕೂತದ್ದೇನೋ ಕೂತಿತು. ಆದರೆ ವಿಧಾನ ತಪ್ಪು," ಎಂದು ಚೀಲ ಎತ್ತಿಕೊಂಡರು.

ಅವನು ಸಭಾಂಗಣ ಮುಟ್ಟುವಾಗ ಮ್ಯಾನೇಜರ್ ಮೈಕಿನ ಮುಂದಿದ್ದರು. ಬ್ರೇಕಣ್ಣ ಕೊನೆಯ ಸಾಲಿನಲ್ಲಿ ಕೂತ. ಪಕ್ಕದವರು ಅವನ ಅಂಗಿಯನ್ನು ನೋಡಿ ತಮ್ಮ ಕುರ್ಚಿಯನ್ನು ಆಚೆಗೆ ಎಳೆದುಕೊಂಡರು.

"ಇವತ್ತು ಮನೆ ಬಿಡುವಾಗ ನನ್ನ ಮನಸ್ಸಿನಲ್ಲಿ ಇದ್ದದ್ದು ಒಂದೇ ಹೆಸರು," ಎಂದರು ಮ್ಯಾನೇಜರ್. "ನಮ್ಮ ದೂರು ವಿಭಾಗದವರದು. ಮಾಲೀಕರಿಗೂ ತಿಳಿಸಿಯಾಗಿತ್ತು."

ಬ್ರೇಕಣ್ಣ ಎದ್ದು ಕೈಮುಗಿಯಲು ಹೊರಟ.

"ಆದರೆ," ಎಂದರು ಮ್ಯಾನೇಜರ್. ಬ್ರೇಕಣ್ಣ ಅರ್ಧ ಎದ್ದವನು ಅರ್ಧದಲ್ಲೇ ಉಳಿದ. "ದಾರಿಯಲ್ಲಿ ನನ್ನ ಕಣ್ಣು ತೆರೆಯಿತು. ಇಡೀ ಬೀದಿಗೆ ಬೀದಿಯೇ ಕೈಚೆಲ್ಲಿದ ಗಾಡಿಯನ್ನು ಇವರು ಒಬ್ಬರೇ ಎಬ್ಬಿಸಿ ನಿಲ್ಲಿಸಿದರು. ಆ ಕೈ ತೋರಿಸ್ರೀ ಸಭೆಗೆ!"

ಬ್ರೇಕಣ್ಣ ಎರಡೂ ಕೈ ಎತ್ತಿದ. ಮೊಣಕೈವರೆಗೆ ಕಪ್ಪು. ಚಪ್ಪಾಳೆ ಬಿತ್ತು.

"ಇಂಥ ಕೈಯನ್ನು ಕುರ್ಚಿಯ ಮೇಲೆ ಕೂರಿಸಿ ಸಹಿ ಹಾಕಿಸುವುದು ಪಾಪ! ನಮ್ಮ ವ್ಯಾನುಗಳು ದಿನಾ ದಾರಿಯಲ್ಲಿ ಕೆಟ್ಟು ನಿಲ್ಲುತ್ತವೆ. ನಾಳೆಯಿಂದ ವ್ಯಾನ್ ಶೆಡ್ಡು ಪೂರ್ತಿ ಇವರದು. ಸಂಬಳ ಇದ್ದಷ್ಟೇ, ಗೌರವ ಮಾತ್ರ ಬೇರೆ. ಇನ್ನು ನನ್ನ ಕುರ್ಚಿಗೆ, ನನ್ನನ್ನು ಹೊತ್ತಿಗೆ ಸರಿಯಾಗಿ ಇಲ್ಲಿಗೆ ತಲುಪಿಸಿದ..."

ಹೆಸರು ಚಪ್ಪಾಳೆಯಲ್ಲಿ ಮುಳುಗಿಹೋಯಿತು. ನಗುಮುಖ ಆಗಲೇ ವೇದಿಕೆ ಹತ್ತಿದ್ದ.

ಸಭೆ ಮುಗಿದ ಮೇಲೆ ಅವನು ಹಾರದ ಸಮೇತ ಕೊನೆಯ ಸಾಲಿಗೆ ಬಂದ. ಕೈ ಕುಲುಕಲು ಚಾಚಿದವನು, ಬ್ರೇಕಣ್ಣನ ಅಂಗೈ ನೋಡಿ ಅದನ್ನು ಹಿಂದಕ್ಕೆ ತೆಗೆದುಕೊಂಡ.

"ಏನ್ರೀ, ನಾಳೆ ಸ್ವಲ್ಪ ಬೇಗ ಬನ್ನಿ. ನನ್ನ ಕಾರಿನ ಮುಂದಿನ ಬ್ರೇಕು ಯಾಕೋ ಕಿರುಗುಟ್ಟುತ್ತೆ. ಮೊದಲು ಅದನ್ನ ನೋಡಿ."

ಬೀದಿಯಲ್ಲಿ ಅಣ್ಣ ಎಂದಿದ್ದವನ ಬಾಯಲ್ಲಿ ಈಗ ಏನ್ರೀ ಬಂದಿತ್ತು. ಬ್ರೇಕಣ್ಣ ತಲೆಯಾಡಿಸಿದ. "ಆಗಲಿ... ಸಾರ್," ಎಂದ.

ಜೇಬಿನಲ್ಲಿ ಫೋನು ಹೊಡೆದುಕೊಂಡಿತು. ಹೆಂಡತಿ. ಹಿಂದೆ ಪಕ್ಕದ ಮನೆಯವರ ಗಲಗಲವೂ ಕೇಳಿಸುತ್ತಿತ್ತು.

"ರೀ, ಹೆಸರು ಹೇಳಿದ್ರಾ?"

"ಹೇಳಿದ್ರು. ಚಪ್ಪಾಳೇನೂ ಹೊಡೆದ್ರು."

"ನಂಗೊತ್ತಿತ್ತು! ನಂಗೊತ್ತಿತ್ತು! ಇನ್ಮೇಲೆ ಯಾವ ರೂಮಲ್ಲಿ ನಿಮ್ಮ ಕುರ್ಚಿ?"

ಬ್ರೇಕಣ್ಣ ಕಪ್ಪಾದ ಅಂಗೈಯನ್ನು ಪ್ಯಾಂಟಿಗೆ ಒರೆಸಿಕೊಂಡ.

"ಅಲ್ಲಿ ಕುರ್ಚಿ ಇರಲ್ಲ ಕಣೇ," ಎಂದ. "ಎಲ್ಲಾ ಕೆಲಸಾನೂ ಗಾಡಿ ಕೆಳಗೆ ಮಲಗೇ ಮಾಡೋದು."