ಲವೀನಾಳ ಗ್ರ್ಯಾಂಡ್ ಮಾರ್ಚಿಗೆ ನಾನು ಆರಿಸಿದ ಸಂಗೀತ

ಪಾಶ್ಚಾತ್ಯ ಸಂಗೀತದ ಚರಿತ್ರೆ ಮತ್ತು ಶೈಲಿಗಳು ಎಂಬ ವಿಷಯದಲ್ಲಿ ನಾನು ತರಗತಿಗೇ ಮೊದಲಿಗಳು. ಇದನ್ನು ಜಂಬಕ್ಕಾಗಿ ಹೇಳುತ್ತಿಲ್ಲ. ಮುಂದೆ ನಡೆದ ಅನಾಹುತಕ್ಕೆ ಇದೇ ಮೂಲಕಾರಣವಾದ್ದರಿಂದ ದಾಖಲೆಗಾಗಿ ಹೇಳುತ್ತಿದ್ದೇನೆ. ಬರೋಕ್ ಕಾಲಕ್ಕೂ ಕ್ಲಾಸಿಕಲ್ ಕಾಲಕ್ಕೂ ಇರುವ ವ್ಯತ್ಯಾಸವೇನೆಂದು ಯಾರಾದರೂ ನನ್ನನ್ನು ನಮ್ಮೂರು ಅಲೆವೂರಿನ ಬಸ್‌ಸ್ಟ್ಯಾಂಡಿನಲ್ಲಿ ತಡೆದು ಕೇಳಿದ್ದರೂ ಹತ್ತು ಅಂಕಗಳ ಉತ್ತರ ನನ್ನ ನಾಲಿಗೆಯ ತುದಿಯಲ್ಲಿತ್ತು. ಯಾರೂ ತಡೆದು ಕೇಳಲಿಲ್ಲ ಎಂಬುದು ಬೇರೆ ಮಾತು.

ಈ ಮೊದಲ ಸ್ಥಾನದ ಹಿಂದೆ ಒಂದು ಹೋರಾಟದ ಇತಿಹಾಸವಿದೆ. ಉಡುಪಿಯಿಂದ ಮಣಿಪಾಲಕ್ಕೆ ಹೋಗುವ ದಾರಿಯಲ್ಲಿರುವ ನಮ್ಮ ಕಾಲೇಜಿನಲ್ಲಿ ಈ ಐಚ್ಛಿಕ ವಿಷಯ ಆರಂಭವಾದ ವಾರದಲ್ಲೇ ಪ್ರೊಫೆಸರರು ಘೋಷಿಸಿದ್ದರು: "ಬರೆಯುವ ಪರೀಕ್ಷೆಯ ಜೊತೆಗೆ ಕೇಳುವ ಪರೀಕ್ಷೆಯೂ ಇರುತ್ತದೆ. ನಾನೊಂದು ತುಣುಕು ಕೇಳಿಸುತ್ತೇನೆ. ಅದು ಯಾವ ಕಾಲದ್ದು, ಯಾವ ಸಂದರ್ಭದ್ದು ಅಂತ ನೀವು ಹೇಳಬೇಕು."

ನನ್ನ ರಕ್ತ ಕುದಿಯಿತು. ಪಿಯಾನೋ ಇರುವ ಮನೆಯಲ್ಲಿ ಬೆಳೆದವರಿಗೊಂದು ನ್ಯಾಯ, ಮಿಕ್ಸಿಯ ಸದ್ದು ಮಾತ್ರ ಇರುವ ಮನೆಯಲ್ಲಿ ಬೆಳೆದವರಿಗೊಂದು ನ್ಯಾಯವೇ? ಪಠ್ಯಕ್ರಮದಲ್ಲಿ ಲಿಖಿತವಾಗಿ ಇಲ್ಲದ ಪರೀಕ್ಷೆಯನ್ನು ವಿದ್ಯಾರ್ಥಿಗಳ ಮೇಲೆ ಹೇರಲು ಇವರಿಗೆ ಅಧಿಕಾರ ಕೊಟ್ಟವರು ಯಾರು? ನಾವು ವಿಭಾಗದ ಮೆಟ್ಟಿಲ ಮೇಲೆ ಧರಣಿ ಕುಳಿತೆವು. 'ಕಿವಿಯಿಂದ ಅಳೆಯಬೇಡಿ, ಬುದ್ಧಿಯಿಂದ ಅಳೆಯಿರಿ' ಎಂಬ ಘೋಷಣೆಯನ್ನು ರಚಿಸಿದವಳು ನಾನೇ. ಸಂಜೆಯೊಳಗೆ ಕೇಳುವ ಪರೀಕ್ಷೆ ರದ್ದಾಯಿತು!

ವ್ಯವಸ್ಥೆ ಎಷ್ಟು ಬೇಗ ಒಪ್ಪಿಕೊಂಡಿತೆಂದರೆ, ಅದಕ್ಕೂ ಇದೇ ಬೇಕಿತ್ತೇನೋ ಎಂಬ ಸಂಶಯ ನನಗೆ ಆಗಲೇ ಬರಬೇಕಿತ್ತು. ಮರುವಾರ ತರಗತಿಯ ಸ್ಪೀಕರ್ ಕೆಟ್ಟಿತು. ಪರೀಕ್ಷೆಯೇ ಇಲ್ಲದ ಮೇಲೆ ರಿಪೇರಿ ಯಾಕೆಂದು ಅದನ್ನು ಹಾಗೆಯೇ ಬಿಟ್ಟರು. ಮುಂದಿನ ತರಗತಿಗಳೆಲ್ಲ ಪರಮಶಾಂತಿಯಿಂದ ನಡೆದವು. ಪ್ರೊಫೆಸರರು ಸ್ಲೈಡ್ ಹಾಕುವುದು, ನಾವು ಬರೆದುಕೊಳ್ಳುವುದು. ಯುರೋಪಿನ ಇಡೀ ಸಂಗೀತ ನಮ್ಮ ಮುಂದೆ ಒಂದು ಸ್ವರವನ್ನೂ ಹೊರಡಿಸದೆ ಹಾದುಹೋಯಿತು. ಮೊಬೈಲಿನಲ್ಲಿ ಕೇಳಬಹುದಿತ್ತಲ್ಲ ಎನ್ನಬೇಡಿ. ಕೇಳಿಸುವುದು ಸಂಸ್ಥೆಯ ಕರ್ತವ್ಯ. ಸಂಸ್ಥೆಯ ಕರ್ತವ್ಯವನ್ನು ನನ್ನ ಡೇಟಾ ಖರ್ಚು ಮಾಡಿ ನಾನು ಪೂರೈಸುವುದಿಲ್ಲ. ಇದು ತತ್ತ್ವದ ಪ್ರಶ್ನೆ!

ಪದವಿ ಮುಗಿಸಿ ಕುಳಿತಿದ್ದ ಇಂಥ ತತ್ತ್ವನಿಷ್ಠಳ ಬಳಿಗೆ ಲವೀನಾ ಬಂದಳು.

ಲವೀನಾ ಕಾಪುವಿನವಳು, ನನ್ನ ಪಿಯುಸಿ ಕಾಲದ ಗೆಳತಿ. ಕಾರ್ಕಳದ ಹುಡುಗನ ಜೊತೆ ಅವಳ ಮದುವೆ ನಿಶ್ಚಯವಾಗಿತ್ತು. ಕ್ರಿಶ್ಚಿಯನ್ ಮದುವೆಗಳಲ್ಲಿ ಇಗರ್ಜಿಯ ವಿಧಿ ಮುಗಿದ ಮೇಲೆ ಹಾಲ್‌ನಲ್ಲಿ ಗ್ರ್ಯಾಂಡ್ ಮಾರ್ಚ್ ಎಂಬುದೊಂದು ಇರುತ್ತದೆ. ಮುಂದೆ ಬ್ಯಾಂಡು, ಹಿಂದೆ ಜೋಡಿಜೋಡಿಯಾಗಿ ಬಂಧುಮಿತ್ರರು, ಕೊನೆಗೆ ಮದುಮಕ್ಕಳು. ಎಲ್ಲರೂ ತಾಳಕ್ಕೆ ಹೆಜ್ಜೆ ಹಾಕುತ್ತ ವೇದಿಕೆಗೆ ಬರುತ್ತಾರೆ. ಊಟ ಮರೆತರೂ ಜನ ಇದನ್ನು ಮರೆಯುವುದಿಲ್ಲ.

"ಎಲ್ಲಾ ಮದುವೆಯಲ್ಲಿ ಬಾರಿಸಿದ್ದೇ ಬಾರಿಸುವುದು ಮಾರಾಯ್ತಿ. ನನಗೆ ಬೇರೆ ಬೇಕು," ಎಂದಳು ಲವೀನಾ. "ಆ ಕಾರ್ಕಳದ ಅತ್ತೆಗೆ ಕಾಪುವಿನವರು ಅಂದ್ರೆ ಮೊದಲೇ ಸ್ವಲ್ಪ ಸಸಾರ. 'ನಿಮ್ಮಲ್ಲಿ ಗ್ರ್ಯಾಂಡ್ ಮಾರ್ಚ್ ಎಲ್ಲ ಸರಿ ಮಾಡ್ತೀರಿ ಅಲ್ವಾ' ಅಂತ ಕೇಳಿದ್ದು ಗೊತ್ತುಂಟಾ? ನೀನು ಇದನ್ನೇ ಓದಿದವಳಲ್ವಾ. ನನ್ನ ಮರ್ಯಾದೆ ನಿನ್ನ ಕೈಯಲ್ಲಿ ಉಂಟು."

ನಾಲ್ಕು ಸೆಮಿಸ್ಟರಿನ ನೋಟ್ಸಿನಿಂದ ಒಂದು ಕೃತಿಯನ್ನು ಆರಿಸಿದೆ. ಹೆಸರು ಯಾವುದೋ ಯುರೋಪಿಯನ್ ಭಾಷೆಯದು. ಅದರ ಅರ್ಥವನ್ನು ಪರೀಕ್ಷೆಯಲ್ಲಿ ಕೇಳುತ್ತಿರಲಿಲ್ಲ. ಆದರೆ ಲಕ್ಷಣಗಳು ನನಗೆ ಬಾಯಿಪಾಠ: ರೊಮ್ಯಾಂಟಿಕ್ ಕಾಲದ್ದು, ಗಂಭೀರ ನಡೆ, ಜನರು ಸಾಲಾಗಿ ನಡೆಯುವಾಗ ನುಡಿಸಲು ಯೋಗ್ಯ, ಕೇಳುಗರ ಕಣ್ಣು ತೇವವಾಗುತ್ತದೆ. ಇನ್ನೇನು ಬೇಕು? ಸ್ಲೈಡಿನಲ್ಲಿ ಐದನೆಯದೊಂದು ಸಾಲೂ ಇತ್ತು. ಆದರೆ ಪ್ರೊಜೆಕ್ಟರ್ ಓರೆಯಾಗಿದ್ದುದರಿಂದ ಅದು ಪರದೆಯಿಂದ ಕೆಳಗಿಳಿದು ಕಬ್ಬಿಣದ ಕಪಾಟಿನ ಮೇಲೆ ಬಿದ್ದಿತ್ತು. ಕಪಾಟಿನ ಮೇಲಿರುವುದು ಪರೀಕ್ಷೆಗೆ ಬರುವುದಿಲ್ಲ.

"ಒಮ್ಮೆ ಕೇಳಿಸು ನೋಡುವ," ಎಂದಳು ಲವೀನಾ.

"ಬೇಡ. ಅವತ್ತೇ ಕೇಳು. ಮೊದಲೇ ಕೇಳಿದ್ರೆ ಮಜಾ ಹೋಗ್ತದೆ," ಎಂದೆ. ನಾನೂ ಕೇಳಿರಲಿಲ್ಲ ಎಂಬ ಸಣ್ಣ ವಿವರವನ್ನು ಹೇಳುವ ಅಗತ್ಯ ಕಾಣಲಿಲ್ಲ.

ಬ್ಯಾಂಡಿನ ಯಜಮಾನರು ಗ್ರೆಗರಿ ಎಂಬವರು. ಫೋನಿನಲ್ಲಿ ಕೃತಿಯ ಹೆಸರು ಹೇಳಿದೆ.

"ಮದುವೆಗಾ?"

"ಮದುವೆಗೇ. ಯಾಕೆ? ಮದುವೆಗೆ ಬರುವ ಜನರಿಗೆ ಒಳ್ಳೆಯ ಸಂಗೀತ ಕೇಳುವ ಯೋಗ್ಯತೆ ಇಲ್ಲ ಅಂತ ತೀರ್ಮಾನ ಮಾಡಿದ್ದು ಯಾರು? ನೀವಾ?"

"ಅಯ್ಯೋ, ನಾನು ಕೇಳಿದ್ದು ಅಷ್ಟೇ. ಕಾಲೇಜಿನವರು ಈಗ ಎಂತೆಂತದೋ ಹೊಸತು ಮಾಡ್ತಾರೆ, ನಮಗೆ ಗೊತ್ತಾಗುವುದಿಲ್ಲ." ಅವರ ದನಿ ಹಗುರವಾಯಿತು. "ನಮಗೆ ಒಳ್ಳೆಯದೇ ಆಯ್ತು. ನಮ್ಮ ಹುಡುಗರಿಗೆ ಇದು ಪ್ರಾಕ್ಟೀಸೇ ಬೇಡ. ತಿಂಗಳಿಗೆ ನಾಲ್ಕೈದು ಸಲ ಬಾರಿಸ್ಲಿಕ್ಕೆ ಉಂಟು."

"ಜನ ಮೆಚ್ಚುತ್ತಾರಾ?"

"ಯಾರಿಗಾಗಿ ಬಾರಿಸ್ತೇವೋ ಅವರು ಇವತ್ತಿನವರೆಗೆ ಒಂದು ಕಂಪ್ಲೇಂಟ್ ಹೇಳಿದ್ದಿಲ್ಲ."

ಕರಾವಳಿಯ ಜನಸಾಮಾನ್ಯರ ಅಭಿರುಚಿ ಇಷ್ಟು ಎತ್ತರಕ್ಕೆ ಏರಿದೆಯಲ್ಲ ಎಂದು ನನ್ನ ಹೃದಯ ತುಂಬಿ ಬಂತು.

ಮದುವೆಯ ದಿನ ಹೊಸ ಸೀರೆಯುಟ್ಟು ವೇದಿಕೆಯ ಪಕ್ಕದಲ್ಲಿ, ಸಂಗೀತ ಸಲಹೆಗಾರರಿಗೆ ತಕ್ಕ ಗಾಂಭೀರ್ಯದಿಂದ ನಿಂತೆ. ಹಾಲ್ ತುಂಬಿತ್ತು. ನಿರೂಪಕ ಮೈಕಿನಲ್ಲಿ, "ಎಲ್ಲರೂ ಜೋರಾಗಿ ಚಪ್ಪಾಳೆ ತಟ್ಟಿ!" ಎಂದು ಕೂಗಿದ. ಬಾಗಿಲು ತೆರೆಯಿತು. ಡ್ರಮ್ಮು ಒಮ್ಮೆ 'ಢಂ' ಎಂದಿತು. ಬಹಳ ಹೊತ್ತಿನ ಮೇಲೆ ಇನ್ನೊಮ್ಮೆ 'ಢಂ' ಎಂದಿತು. ಆಮೇಲೆ ಕಹಳೆಗಳು ಒಟ್ಟಾಗಿ ನರಳಿದವು.

ಚಪ್ಪಾಳೆ ನಿಂತಿತು.

ಮುಂದಿನ ಸಾಲಿನ ಹಿರಿಯರು ಒಬ್ಬೊಬ್ಬರಾಗಿ ಎದ್ದು ನಿಂತರು. ಗಂಡಸರು ಎದೆಯ ಮೇಲೆ ಶಿಲುಬೆಯ ಗುರುತು ಮಾಡಿಕೊಂಡರು. ಹೆಂಗಸರು ಸೆರಗನ್ನು ತಲೆಯ ಮೇಲೆ ಎಳೆದುಕೊಂಡರು. ವೈನಿನ ತಟ್ಟೆ ಹಿಡಿದವನು ಅದನ್ನು ಕೆಳಗಿಟ್ಟು ಕೈಕಟ್ಟಿ ನಿಂತ. ಕುಣಿಯುತ್ತ ಬರಲು ವಾರವಿಡೀ ಅಭ್ಯಾಸ ಮಾಡಿದ್ದ ಜೋಡಿಗಳು ಒಂದು ಕಾಲನ್ನು ಎತ್ತಿ, ಇಡುವುದೆಲ್ಲಿ ಎಂದು ತಿಳಿಯದೆ ಹಾಗೆಯೇ ನಿಂತರು. ಹಲವರ ಕಣ್ಣುಗಳು ತೇವವಾದವು. ನಾಲ್ಕನೆಯ ಲಕ್ಷಣ ಸಾಬೀತಾಯಿತೆಂದು ನಾನು ಹೆಮ್ಮೆಯಿಂದ ತಲೆದೂಗಿದೆ!

"ಯಾರು ಹೋದದ್ದು?" ಎಂದು ಲವೀನಾಳ ಅಜ್ಜಿ ಗಟ್ಟಿಯಾಗಿ ಕೇಳಿದರು.

"ಕಾರ್ಕಳದ ಬೀಗರೇ ಇರ್ಬೇಕು," ಎಂದರು ಪಕ್ಕದವರು. "ಹಾರ್ಟ್ ಆಪರೇಷನ್ ಆಗಿ ಮೊನ್ನೆ ಮೊನ್ನೆ ಆಸ್ಪತ್ರೆಯಿಂದ ಬಂದದ್ದಲ್ವಾ. ಪಾಪ, ಮಗನ ಮದುವೆ ದಿನವೇ!"

"ನಾನು ಇಲ್ಲೇ ಇದ್ದೇನೆ ಮಾರಾಯ್ರೆ!" ಎಂಬ ದನಿ ಬಾಗಿಲಿನಿಂದ ಬಂತು. ವರನ ತಂದೆಯೇ. ಆದರೂ ಖಚಿತಪಡಿಸಿಕೊಳ್ಳಲೆಂಬಂತೆ ಒಂದು ಕೈಯನ್ನು ಎದೆಯ ಮೇಲೆ ಇಟ್ಟುಕೊಂಡಿದ್ದರು. ಅವರ ಪಕ್ಕದಲ್ಲಿ ನಿಂತಿದ್ದ ಅತ್ತೆಯ ಮುಖವನ್ನು ವರ್ಣಿಸಲು ನನ್ನ ಪದವಿ ಸಾಲದು.

ಲವೀನಾಳ ತಾಯಿ ಹಾಲ್‌ನ ಆ ತುದಿಯಿಂದ ನನ್ನ ಬಳಿಗೆ ಓಡಿಬಂದರು. "ಎಂತ ಮಾಡಿದ್ದು ಮಗಾ ನೀನು? ಇದು ನಮ್ಮಲ್ಲಿ ಶವಪೆಟ್ಟಿಗೆ ಎತ್ತಿಕೊಂಡು ಹೋಗುವಾಗ ಬಾರಿಸುವುದು!"

ನಮ್ಮ ಅಲೆವೂರಿನ ಮನೆಗಳಲ್ಲಿ ಹೆಣ ಎತ್ತುವಾಗ ಬ್ಯಾಂಡು ಬರುವುದಿಲ್ಲ. ನನಗೆ ಹೇಗೆ ಗೊತ್ತಾಗಬೇಕು? ಆದರೆ ವಾದಿಸುವ ಸಮಯ ಅದಾಗಿರಲಿಲ್ಲ. ನಾನು ಬ್ಯಾಂಡಿನೆದುರು ಧಾವಿಸಿ, ನಿಲ್ಲಿಸಿ ಎಂಬ ಅರ್ಥದಲ್ಲಿ ಎರಡೂ ಅಂಗೈಗಳನ್ನು ಕೆಳಕ್ಕೆ ಒತ್ತಿ ತೋರಿಸಿದೆ. ಗ್ರೆಗರಿಯವರು ಅರ್ಥವಾಯಿತೆಂದು ತಲೆಯಾಡಿಸಿ, ಇನ್ನಷ್ಟು ನಿಧಾನ ಮಾಡಿದರು! ಸಂಗೀತ ನಿರ್ದೇಶನದ ಕೈಸನ್ನೆಗಳನ್ನೂ ನಾನು ಕಲಿತದ್ದು ಸ್ಲೈಡಿನಲ್ಲೇ.

ವೇದಿಕೆ ತಲುಪುವಷ್ಟರಲ್ಲಿ ಲವೀನಾ ಅಳುತ್ತಿದ್ದಳು. ನನ್ನ ಕಡೆ ಒಮ್ಮೆ ನೋಡಿದಳು. ನಾನು ನೆಲ ನೋಡಿದೆ. ಕೊನೆಗೆ ನಿರೂಪಕನೇ ಮೈಕಿನಲ್ಲಿ, "ದಯವಿಟ್ಟು ಎಲ್ಲರೂ ಸಂತೋಷಪಡಬೇಕಾಗಿ ವಿನಂತಿ," ಎಂದು ಅಂಗಲಾಚಿ, ಬ್ಯಾಂಡಿನವರಿಗೆ ಕುಣಿತದ ಬೈಲಾ ಬಾರಿಸಲು ಹೇಳಿದ. ನಾನು ಊಟಕ್ಕೆ ನಿಲ್ಲದೆ ಸಿಕ್ಕಿದ ಬಸ್ಸು ಹತ್ತಿದೆ.

ಸೋಮವಾರ ಬೆಳಿಗ್ಗೆ ಮತ್ತೆ ಅದೇ ವಿಭಾಗ, ಅದೇ ಮೆಟ್ಟಿಲು.

"ಇದಕ್ಕೆ ಯಾರು ಜವಾಬ್ದಾರರು ಸರ್?" ಎಂದು ಗುಡುಗಿದೆ. "ಸಂಗೀತದ ತರಗತಿಯಲ್ಲಿ ಸಂಗೀತವೇ ಇಲ್ಲ! ಒಂದು ಸ್ವರವನ್ನೂ ಕೇಳದ ವಿದ್ಯಾರ್ಥಿನಿಗೆ ನೀವು ಮೊದಲ ಸ್ಥಾನ ಕೊಟ್ಟಿದ್ದೀರಿ. ಕೆಟ್ಟ ಸ್ಪೀಕರನ್ನು ರಿಪೇರಿ ಮಾಡಿಸದ ಈ ವ್ಯವಸ್ಥೆ ಒಬ್ಬ ಹೆಣ್ಣುಮಗಳ ಮದುವೆಯನ್ನೇ ಹಾಳು ಮಾಡಿದೆ. ನನಗೆ ಉತ್ತರ ಬೇಕು."

ಪ್ರೊಫೆಸರರು ಚಹಾದ ಲೋಟವನ್ನು ಮೇಜಿನ ಮೇಲಿಟ್ಟರು. "ಐದನೆಯ ಸಾಲಿನಲ್ಲಿ ಬರೆದಿತ್ತಲ್ಲ ಪ್ರತೀಕ್ಷಾ, ಶವಯಾತ್ರೆಯಲ್ಲಿ ನುಡಿಸುವ ಕೃತಿ ಅಂತ."

"ಅದು ಕಪಾಟಿನ ಮೇಲಿತ್ತು ಸರ್."

"ಹೌದಾ. ಇರ್ಲಿ. 'ಯಾವ ಸಂದರ್ಭದ್ದು ಹೇಳಿ' ಅಂತ ಕೇಳುವ ಪರೀಕ್ಷೆ ಒಂದು ಇತ್ತು. ಅದನ್ನು ತೆಗೆಸಿದ್ದು ಯಾರು, ನೆನಪುಂಟಾ?"

ಹಾಗಾದರೆ ನಾನು ಕೇಳಿದ ಮಾತ್ರಕ್ಕೆ ನೀವು ಒಪ್ಪಿದ್ದೇಕೆ ಎಂದು ಕೇಳಬಹುದಿತ್ತು. ಅದು ಇಂದಿಗೂ ನ್ಯಾಯವಾದ ಪ್ರಶ್ನೆಯೇ. ಕಲಿಸದಿರಲು ಕಾರಣವೊಂದು ಸಿಕ್ಕರೆ ಸಾಕೆಂದು ಕಾಯುವ ಸಂಸ್ಥೆಗಳು ಅದಕ್ಕೆ ಉತ್ತರಿಸಲೇಬೇಕು. ಆದರೆ ಆ ಕಾರಣವನ್ನು ಘೋಷಣೆಯ ಸಮೇತ ಒದಗಿಸಿದವಳ ಬಾಯಲ್ಲಿ ಆ ಪ್ರಶ್ನೆ ಅಷ್ಟು ಗಟ್ಟಿಯಾಗಿ ಹೊರಡುವುದಿಲ್ಲ. ನಮಸ್ಕಾರ ಹೇಳಿ ಮೆಟ್ಟಿಲಿಳಿದೆ.

ಲವೀನಾಳಿಗೆ ಮಾಡಿದ ಕರೆಗಳು ಹತ್ತು ದಿನ ಉತ್ತರವಿಲ್ಲದೆ ಹೋದವು. ಆಮೇಲೆ ಒಂದು ಸಂಜೆ ಕಾರ್ಕಳದಿಂದ ಅವಳೇ ಕರೆ ಮಾಡಿದಳು.

"ಮಾತಾಡ್ಬಾರ್ದು ಅಂತಲೇ ಇದ್ದೆ," ಎಂದಳು. "ಈಗಲೂ ಮಾವ ಹೇಳಿದ್ದಕ್ಕೆ ಮಾಡಿದ್ದು. ಅತ್ತೆ ಇನ್ನೂ ಬುಸುಬುಸು ಅಂತಾರೆ. ಮಾವ ಮಾತ್ರ ಬಂದವರಿಗೆಲ್ಲ ಇದೇ ಕತೆ ಹೇಳುವುದು. ತನ್ನದೇ ಸಾವಿನ ಬ್ಯಾಂಡನ್ನು ನಿಂತು ಕೇಳಿದ ಮನುಷ್ಯ ಈ ಕಾರ್ಕಳದಲ್ಲಿ ತಾನೊಬ್ಬನೇ ಅಂತೆ!"

"ಕ್ಷಮಿಸು ಮಾರಾಯ್ತಿ. ಮಾವನಿಗೂ ಹೇಳು."

"ಹೇಳ್ತೇನೆ. ಅವರಿಗೂ ನಿನ್ನಲ್ಲಿ ಒಂದು ಹೇಳ್ಲಿಕ್ಕುಂಟು. ಅವರ ಕಾಲ ಬಂದಾಗ ಬ್ಯಾಂಡಿನವರು ಎಂತ ಬಾರಿಸ್ಬೇಕು ಅಂತ ಆ ಹುಡುಗಿಯನ್ನೇ ಕೇಳ್ಬೇಕಂತೆ. ಆಗ ಊರವರು ಕುಣಿದುಕೊಂಡಾದರೂ ಬರ್ತಾರಂತೆ."

ಹಿಂದೆ ಯಾರೋ ದೊಡ್ಡದಾಗಿ ನಕ್ಕರು. ಹೃದಯದ ಆಪರೇಷನ್ ಸಂಪೂರ್ಣ ಯಶಸ್ವಿಯಾಗಿದೆ ಎನಿಸಿತು.

ಪದವಿ ಮುಗಿಸಿದ ಮೇಲೆ ನನ್ನ ವಿದ್ವತ್ತಿಗೆ ಬಂದಿರುವ ಏಕೈಕ ಆಹ್ವಾನ ಇದು. ಒಪ್ಪಿಕೊಂಡಿದ್ದೇನೆ. ಅವರು ದಯವಿಟ್ಟು ಅವಸರ ಮಾಡಬಾರದು. ಈ ಬಾರಿ ನಾನು ಮೊದಲು ಕೇಳಿ ನೋಡಬೇಕಾಗಿದೆ.