ಜ್ಞಾನಪ್ಪನವರ ಹೆಬ್ಬೆಟ್ಟು

ಜ್ಞಾನಪ್ಪನವರ ಹೆಬ್ಬೆಟ್ಟು ಸವೆದುಹೋಗಲು ಮಗಳು ಲಿಡಿಯಾಳ ಫೋನೇ ಕಾರಣ. "ಅಪ್ಪಾ, ಊರೆಲ್ಲ ಶೀತಜ್ವರ. ಶನಿವಾರ ಪಾಪುನ ಕರ್ಕೊಂಡು ಬರ್ತೀನಿ. ನೀವು ಒಂದ್ಸಲ ಸೀನಿದ್ರೂ ಅವಳನ್ನ ಮುಟ್ಟಂಗಿಲ್ಲ!"

ಮೊಮ್ಮಗಳನ್ನು ಇನ್ನೂ ಎತ್ತಿಕೊಳ್ಳದ ತಾತ ಅಂದಿನಿಂದ ಸೋಪು, ಸ್ಯಾನಿಟೈಸರ್ ಹಾಕಿ ಕೈ ಉಜ್ಜಿದ್ದೇ ಉಜ್ಜಿದ್ದು. ಅತಿಯಾದರೆ ಅಮೃತವೂ ವಿಷವಂತೆ, ಇನ್ನು ಸೋಪಿನ ಮಾತೇನು? ಬೆರಳು ತಿಕ್ಕಿದ ಹಿತ್ತಾಳೆ ಚೊಂಬಿನಂತೆ ನುಣುಪಾಯಿತು.

ಮಗಳು ಬರುವ ದಿನವೇ ತಿಂಗಳ ಕೊನೆ. "ಇವತ್ತು ತಂಬ್ ಕೊಡದಿದ್ರೆ ಅಕ್ಕಿ ಹೋದಂಗೇ ಕಣ್ರೀ" ಎಂದು ಹೆಂಡತಿ ತೆರೇಸಾ ಗಂಡನನ್ನು ಹೊರಗೆ ದಬ್ಬಿದರು.

ಕೆಸರೆಯ ರೇಷನ್ ಅಂಗಡಿಯಲ್ಲಿ ಜ್ಞಾನಪ್ಪನವರು ಮಾಸ್ಕು ಬಿಗಿದು, ಮುಂದಿನವರಿಂದ ಮಾರುದೂರ ಬಿಟ್ಟು ನಿಂತರು. ಆ ಜಾಗಕ್ಕೆ ಇನ್ನಿಬ್ಬರು ಬಂದು ನುಗ್ಗಿದರು.

ಕೊನೆಗೂ ಸರದಿ ಬಂತು. ಯಂತ್ರದ ಮೇಲೆ ಹೆಬ್ಬೆಟ್ಟು ಇಟ್ಟರೆ ಕೆಂಪು ದೀಪ. ಮತ್ತೆ ಇಟ್ಟರೂ ಅದೇ.

"ತಲೆಗೂದಲಿಗೆ ಉಜ್ಜಿ ಸಾರ್, ಸ್ವಲ್ಪ ಎಣ್ಣೆ ಅಂಟಲಿ" ಎಂದರು ಅಂಗಡಿಯ ಪ್ರಭುಸ್ವಾಮಿ.

ಜ್ಞಾನಪ್ಪನವರದು ಬೋಳುತಲೆ. ಹಿಂದೆ ನಿಂತಿದ್ದ ಮಹದೇವು, "ನನ್ ತಲೆ ಇಲ್ವಾ?" ಎಂದು ಅವರ ಬೆರಳು ಹಿಡಿದು ತನ್ನ ಜಿಡ್ಡುಗೂದಲಲ್ಲಿ ಆಡಿಸಿದ. ಯಂತ್ರ ಒಪ್ಪಲಿಲ್ಲ.

ಪಕ್ಕದ ಮನೆಯ ಭಾಗ್ಯಮ್ಮ ಮುಂದೆ ಬಂದರು. ಬೆಳಗಿನಿಂದ ಮೂಗು ಒರೆಸಿದ್ದ ಸೆರಗಿನಿಂದಲೇ ಬೆರಳು ತಿಕ್ಕಿದರು.

"ಅಯ್ಯೋ, ಬೇಡಿ ಭಾಗ್ಯಮ್ನೋರೇ!"

"ಸುಮ್ನಿರಿ ಜ್ಞಾನಪ್ಪೋರೇ. ಅಕ್ಕಪಕ್ಕದೋರು ಮತ್ಯಾಕಿರೋದು?" ಎಂದು ಆಕೆ ಒಮ್ಮೆ ಸೀನಿ, ಬೆರಳಿಗೆ "ಹಾ..." ಎಂದು ಬಿಸಿಯುಸಿರು ಬಿಟ್ಟರು.

ಹಸಿರು ದೀಪ ಹತ್ತಿತು. ಸಾಲಿನವರೆಲ್ಲ ಚಪ್ಪಾಳೆ ತಟ್ಟಿದರು. ಜ್ಞಾನಪ್ಪನವರಿಗೆ ಮಾತ್ರ ಅಳು ಬಂತು.

ಅಕ್ಕಿ ಹೊತ್ತು ಮನೆಗೆ ಓಡಿದವರು ಹಿತ್ತಿಲ ಬಾಗಿಲಿನಿಂದ ನೇರ ಬಚ್ಚಲು ಹೊಕ್ಕರು. ಮೈಗೆಲ್ಲ ಒಂದು ಸ್ನಾನ, ಹೆಬ್ಬೆಟ್ಟಿಗೇ ಬೇರೆ ಒಂದು ಸ್ನಾನ. ಅಷ್ಟರಲ್ಲಿ ಹೊರಗೆ ಆಟೋ ನಿಂತ ಸದ್ದು, ಮಗಳ ನಗು. ಜ್ಞಾನಪ್ಪನವರು ಇನ್ನೊಮ್ಮೆ ಸೋಪು ಹಚ್ಚಿ ತೊಳೆದು, ಒಗೆದ ಮಾಸ್ಕು ಹಾಕಿ, ಕೈ ಚಾಚಿಕೊಂಡೇ ಹಾಲಿಗೆ ಬಂದರು.

ಸೋಫಾದ ಮೇಲೆ ಭಾಗ್ಯಮ್ಮ ಕೂತಿದ್ದರು. ಅವರ ಮಡಿಲಲ್ಲಿ ಮೊಮ್ಮಗಳು! ಮೂಗು ಸೊರಸೊರ ಎಳೆಯುತ್ತಾ ಮಗುವಿನ ಕೆನ್ನೆಗೆ ಲೊಚಲೊಚ ಮುತ್ತಿಡುತ್ತಿದ್ದರು.

"ಕೊಡಿ ಇಲ್ಲಿ!" ಎಂದು ಜ್ಞಾನಪ್ಪನವರು ನುಗ್ಗಿದರು.

"ಅಪ್ಪಾ, ಅಲ್ಲೇ ನಿಂತ್ಕೊಳ್ಳಿ!" ಲಿಡಿಯಾ ಅಡ್ಡ ಬಂದಳು. "ರೇಷನ್ ಅಂಗಡೀಲಿ ಕಂಡೋರ ತಲೆಗೆಲ್ಲ ಕೈ ಉಜ್ಜುತಿದ್ರಂತೆ? ಅಲ್ಲಿ ಎಲ್ರಿಗೂ ನೆಗಡಿಯಂತೆ. ಆಂಟಿ ಈಗ ಹೇಳಿದ್ರು."

"ಅಲ್ಲ ಕಣಮ್ಮ, ಇವರಿಗೇ..."

"ಆಂಟಿಗೆ ಧೂಳಿನ ಅಲರ್ಜಿ ಅಷ್ಟೇ ಅಪ್ಪಾ."

"ಎಳೇ ಮಗು ನೋಡಿ, ಹುಷಾರಾಗಿರ್ಬೇಕು" ಎಂದು ಭಾಗ್ಯಮ್ಮ ಮತ್ತೊಮ್ಮೆ ಸೀನಿದರು.

ಜ್ಞಾನಪ್ಪನವರು ಮತ್ತೆ ಬಚ್ಚಲ ಬಾಗಿಲಿಗೇ ಸರಿದು ನಿಂತು, ಬಿಳಚಿಕೊಂಡ ಹೆಬ್ಬೆಟ್ಟನ್ನು ಮೊಮ್ಮಗಳತ್ತ ಆಡಿಸಿ ತೋರಿಸಿದರು.