ಮೂರು ಸಲ ಕೇಳಬೇಕಾದ ಮನೆ

ಇಪ್ಪತ್ತೆರಡು ವರ್ಷದ ಹಿಂದೆ, ತನ್ನ ಮದುವೆಯ ಊಟದಲ್ಲಿ ಎರಡನೇ ಗ್ಲಾಸು ಶೆರಿ ವೈನು ಹೊಟ್ಟೆಗಿಳಿದ ಮೇಲೆ, ಡೆರಿಕ್ ಹೋಲ್ರಾಯ್ಡ್ ತನ್ನ ಅತ್ತೆಗೆ ಒಂದು ಮಾತು ಕೊಟ್ಟಿದ್ದ: "ನಾನು ರಿಟೈರ್ ಆಗೋದ್ರೊಳಗೆ ನಿಮ್ಮನ್ನ ಜನವರಿ ತಿಂಗಳಲ್ಲೂ ಮನೆಯೊಳಗೆ ಕೋಟಿಲ್ಲದೆ ಕೂರಿಸ್ತೀನಿ, ನೋಡ್ತಿರಿ." ಅವನಾಗ ನಗರಸಭೆಯಲ್ಲಿ ಹೊಸ ಗುಮಾಸ್ತ. ಗುಮಾಸ್ತರು ಮಾತು ಕೊಡಬಾರದೆಂದು ಯಾರೂ ಹೇಳಿಕೊಟ್ಟಿರಲಿಲ್ಲ.

ಅತ್ತೆ ಎನಿಡ್ ಇದ್ದದ್ದು ಯಾರ್ಕ್‌ಶೈರಿನ ಆ ನಗರದ ಅತಿ ತಣ್ಣನೆಯ ಕಟ್ಟಡದ ಹತ್ತನೇ ಮಹಡಿಯಲ್ಲಿ. ಅಲ್ಲಿಯ ಜನ ಬೆಣ್ಣೆ ಕೊಂಚ ಮೆತ್ತಗಾಗಲಿ ಎಂದು ಅದನ್ನು ಫ್ರಿಜ್ಜಿನೊಳಗೆ ಇಡುತ್ತಿದ್ದರು. ಪ್ರತಿ ಭಾನುವಾರ ಅಳಿಯನ ತಟ್ಟೆಗೆ ಹುರಿದ ಆಲೂಗಡ್ಡೆ ಬಡಿಸುವಾಗ ಅತ್ತೆ ಕೋಟಿನ ಗುಂಡಿ ಮುಟ್ಟಿಕೊಂಡು, "ಎಲ್ಲಿಗೆ ಬಂತಪ್ಪಾ?" ಎಂದು ಕೇಳುವರು. ಡೆರಿಕ್ ಆಲೂಗಡ್ಡೆಯನ್ನೇ ನೋಡುವನು.

ಕೊನೆಗೂ ನಗರಸಭೆಗೆ ಎಚ್ಚರವಾಯಿತು. ಗಾಜಿನ ಕಾರ್ಖಾನೆಯೊಂದು ಸುಮ್ಮನೆ ಆಕಾಶಕ್ಕೆ ಬಿಡುತ್ತಿದ್ದ ಬಿಸಿಯಲ್ಲಿ ನೀರು ಕಾಯಿಸಿ, ನೆಲದಡಿಯ ಕೊಳವೆಗಳಲ್ಲಿ ಮನೆಮನೆಗೆ ಹರಿಸಿ ಕೋಣೆಗಳನ್ನು ಬೆಚ್ಚಗಿಡುವುದೆಂದು ತೀರ್ಮಾನವಾಯಿತು. ಹೊಗೆಯೂ ಕಡಿಮೆ, ಇಂಗಾಲವೂ ಕಡಿಮೆ. ಆದರೆ ಕೊಳವೆ ಹೂಳುವ ತಾಕತ್ತು ನಗರಸಭೆಗಿರಲಿಲ್ಲ. ಖಾಸಗಿ ಪಾಲುದಾರರು ಬೇಕೆಂದು ಜಾಹೀರಾತು ಹೊರಟಿತು. ಹದಿನಾಲ್ಕು ಕಂಪನಿಗಳು ಬಂದು, ಡೆರಿಕ್ ತಂದಿಟ್ಟ ಬಿಸ್ಕತ್ತು ತಿಂದು, ತಲೆದೂಗಿ ಹೋದವು. ಉಳಿದದ್ದು ಡೆನ್ಮಾರ್ಕಿನದೊಂದೇ. ಅದರ ಬಿರ್ಗಿಟ್ಟೆ ಎಂಬಾಕೆ ಜನವರಿಯ ಒಂದು ಗುರುವಾರ ಎನಿಡ್ ಅವರ ಮನೆಗೇ ಬಂದು ಚಳಿ ನೋಡುವವಳಿದ್ದಳು. ಅವಳ ನಿಯಮ ಸರಳ: ಯಾವ ಕಟ್ಟಡದಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ "ಬೇಕು" ಎನ್ನುತ್ತಾರೋ ಅಲ್ಲಿಗೆ ಕೊಳವೆ. ಉಳಿದ ಕಟ್ಟಡಗಳವರು ಆಗಲೇ "ಬೇಕು" ಎಂದು ಬರೆದುಕೊಟ್ಟಿದ್ದರು.

ಡೆರಿಕ್ ಮಾಡಿದ ತಪ್ಪು ಒಂದೇ. ಮನೆಗೆ ಅತಿಥಿ ಬರುತ್ತಾಳೆಂದು ಅತ್ತೆಗೆ ಮೊದಲೇ ಹೇಳಿಬಿಟ್ಟ. ಏನೂ ಮಾಡಬೇಡಿ, ದಿನಾ ಇರುವ ಹಾಗೇ ಇರಿ ಎಂದು ಬೇಡಿಕೊಂಡೂ ಇದ್ದ.

ಆ ಗುರುವಾರ ಹನ್ನೊಂದು ಗಂಟೆಗೆ ಅವನೂ ಬಿರ್ಗಿಟ್ಟೆಯೂ ಬಂದು ಬಾಗಿಲು ತೆರೆದಾಗ ಒಳಗಿಂದ ಬಂದ ಸೆಕೆಗೆ ಡೆರಿಕ್‌ನ ಕನ್ನಡಕ ಮಂಜಾಯಿತು. ಒರೆಸಿಕೊಂಡು ನೋಡಿದರೆ, ಇಡೀ ಕಟ್ಟಡದ ವಿದ್ಯುತ್ ಹೀಟರುಗಳು ಆ ಒಂದು ಕೋಣೆಯಲ್ಲಿ ಬಾಲವಾಡಿಯ ಮಕ್ಕಳಂತೆ ಸಾಲಾಗಿ ಕೂತು ಕೆಂಪಗೆ ಉರಿಯುತ್ತಿದ್ದವು. ಬಾಡಿಗೆದಾರರ ಸಂಘದ ಅಧ್ಯಕ್ಷ ವಿಲ್ಫ್ ಬೆಳಗಿನಿಂದ ಮನೆಮನೆ ತಿರುಗಿ ಹೊತ್ತು ತಂದದ್ದು. ಅಧ್ಯಕ್ಷರು ಚಡ್ಡಿಯಲ್ಲಿದ್ದರು. ಹೀಟರು ಕೊಟ್ಟು ತಣ್ಣಗಾದ ಇಪ್ಪತ್ತಮೂರು ನೆರೆಯವರೂ ಅಲ್ಲೇ ತುಂಬಿ, ಬೀಸಣಿಗೆ ಬೀಸಿಕೊಳ್ಳುತ್ತಿದ್ದರು.

"ಅತ್ತೆ, ಇದೇನಿದು?" ಎಂದ ಡೆರಿಕ್ ಹಲ್ಲು ಕಚ್ಚಿ.

"ಬಂದೋರನ್ನ ಚಳೀಲಿ ಕೂರಿಸೋಕಾಗುತ್ತೇನೋ? ನಮಗೂ ಮರ್ಯಾದೆ ಇದೆ," ಎಂದರು ಎನಿಡ್.

ಬಿರ್ಗಿಟ್ಟೆ ಮೊದಲು ಕೋಟು ತೆಗೆದಳು, ಆಮೇಲೆ ಸ್ವೆಟರು, ಆಮೇಲೆ ಬೂಟು. ಎನಿಡ್ ತಟ್ಟೆಯಲ್ಲಿದ್ದ ಕೊನೆಯ ಕೇಕಿನ ತುಂಡನ್ನು ತೋರಿಸಿ, ತಗೊಳ್ಳಮ್ಮ ಎಂದರು. ಅವಳು ಥ್ಯಾಂಕ್ಸ್ ಹೇಳಿ ತಗೊಂಡೇಬಿಟ್ಟಳು. ಎಲ್ಲರ ಬೀಸಣಿಗೆಗಳೂ ನಿಂತವು. ಆ ಕಟ್ಟಡದಲ್ಲಿ ಯಾರೂ ಯಾವುದನ್ನೂ ಮೊದಲ ಸಲಕ್ಕೆ ತಗೊಂಡವರಲ್ಲ. ಒಂದು ಸಲ ಬೇಡ, ಎರಡನೇ ಸಲವೂ ಬೇಡ, ಮೂರನೆಯದಕ್ಕೆ "ಅಷ್ಟು ಹೇಳ್ತೀರಾ ಅಂದ್ಮೇಲೆ..." ಎಂದು ಕೈ ಚಾಚುವುದೇ ಅಲ್ಲಿಯ ನಡತೆ. ಆ ಕೇಕಿಗೆ ವಿಲ್ಫ್ ಆಗಲೇ ಎರಡು ಸಲ ಬೇಡ ಎಂದು ಮೂರನೆಯದಕ್ಕೆ ಕಾಯುತ್ತಿದ್ದ.

ಬಾಯಿ ಒರೆಸಿಕೊಂಡು ಬಿರ್ಗಿಟ್ಟೆ ಪಟ್ಟಿ ತೆಗೆದಳು. ನಿಮ್ಮ ಮನೆಗೆ ಬಿಸಿನೀರಿನ ಕೊಳವೆ ಬೇಕೇ ಎಂದು ಒಬ್ಬೊಬ್ಬರನ್ನೇ ಕೇಳಿದಳು.

"ಅಯ್ಯೋ, ನಮಗ್ಯಾಕಮ್ಮ ಅದೆಲ್ಲ. ಸುಮ್ನೆ ನಿಮಗೆ ತೊಂದರೆ," ಎಂದ ವಿಲ್ಫ್.

ಅವಳು "ಬೇಡ" ಎಂದು ಬರೆದುಕೊಂಡು ಮುಂದಿನವರ ಕಡೆ ತಿರುಗಿದಳು. ಎರಡನೇ ಸಲ ಕೇಳಲೇ ಇಲ್ಲ. ಎನಿಡ್ ಸೇರಿ ಇಪ್ಪತ್ತೈದು ಜನ ಒಬ್ಬರಿಗಿಂತ ಒಬ್ಬರು ಸಭ್ಯವಾಗಿ ಬೇಡವೆಂದರು. ಇನ್ನೊಮ್ಮೆ ಕೇಳಿ ಎಂದು ಡೆರಿಕ್ ಅವಳ ಕಿವಿಯಲ್ಲಿ ಗೋಗರೆದ. ನಮ್ಮ ಕಡೆ ಬೇಡ ಅಂದವರನ್ನ ಮತ್ತೆ ಕೇಳೋದು ಅವಮಾನ ಎಂದಳು ಅವಳು.

ಅಷ್ಟರಲ್ಲಿ ಇಡೀ ಕಟ್ಟಡದ ಫ್ಯೂಸು ಢಬ್ಬೆಂದಿತು. ಲಿಫ್ಟು ನಿಂತಿತು. ಅರ್ಧ ಗಂಟೆಯಲ್ಲಿ ಕೋಣೆಗೆ ತನ್ನ ಹಳೇ ಬುದ್ಧಿ ಬಂದು ಎಲ್ಲರ ಬಾಯಿಂದ ಹಬೆ ಬರತೊಡಗಿತು. ಎನಿಡ್ ತಮ್ಮ ಮಡಿಲ ಕಂಬಳಿಯನ್ನು ಬಿರ್ಗಿಟ್ಟೆಗೆ ಬಾಯಿಮಾತಿಗೆ ಎಂಬಂತೆ ನೀಡಿದರು. ಅವಳು ಅದನ್ನೂ ತಗೊಂಡು ಸುತ್ತಿಕೊಂಡಳು.

ಈಗಲಾದರೂ ಚಳಿ ಎನ್ನಿ ಎಂದು ಡೆರಿಕ್ ಕಣ್ಣಲ್ಲೇ ಅಂಗಲಾಚಿದ.

"ಗಾಳಿ ಒಂಚೂರು ಹಿತವಾಗಿದೆ," ಎಂದ ಚಡ್ಡಿಯ ವಿಲ್ಫ್, ನೀಲಿ ತುಟಿಯಲ್ಲಿ.

ಸಂಜೆ ಬಿರ್ಗಿಟ್ಟೆ ಒಪ್ಪಂದಕ್ಕೆ ಸಹಿ ಹಾಕಿದಳು. ಇಷ್ಟು ಚಳಿಯ ಊರನ್ನು ತಾನು ಕಂಡೇ ಇಲ್ಲ ಎಂದಳು. ಇಡೀ ನಗರಕ್ಕೆ ಕೊಳವೆ, "ಬೇಡ" ಎಂದ ಆ ಒಂದು ಕಟ್ಟಡವನ್ನು ಬಿಟ್ಟು. ನಕ್ಷೆಯಲ್ಲಿ ಮೊದಲ ಗೆರೆ ಡೆರಿಕ್‌ನ ಬೀದಿಯಲ್ಲೇ ಹಾದಿತ್ತು.

ಡೆರಿಕ್ ಹತ್ತು ಮಹಡಿ ಮೆಟ್ಟಿಲು ಹತ್ತಿ ಹೋಗಿ, ಏದುಸಿರು ಬಿಡುತ್ತ ವಿಷಯ ಹೇಳಿದ. ಎನಿಡ್ ಕೋಟಿನ ಕಾಲರು ಮೇಲೆಳೆದುಕೊಂಡರು. ಅದನ್ನು ಕಂಡು ಅವನಿಗೆ ತಡೆಯಲಾಗಲಿಲ್ಲ. ನಡತೆಗೆ ತಕ್ಕಂತೆ, ಮೂರು ಸಲ ಹೇಳಬೇಕಾದ್ದರಲ್ಲಿ ಮೊದಲ ಸಲದ್ದನ್ನು ಹೇಳಿದ:

"ಹಾಗಿದ್ರೆ ನಮ್ಮನೆಗೇ ಬಂದು ಇದ್ದುಬಿಡಿ ಅತ್ತೆ."

ಹೇಳಿ, ಬೇಡಪ್ಪ ಎನ್ನುವುದನ್ನು ಕಾಯುತ್ತ ನಿಂತ.

"ಆಗಲಿ," ಎಂದರು ಎನಿಡ್. "ಆ ಹುಡುಗೀನ ನೋಡಿ ಕಲಿತೆ ಕಣಪ್ಪ. ಎಪ್ಪತ್ತೊಂಬತ್ತು ವರ್ಷ ಸುಮ್ನೆ ಬೇಡ ಬೇಡ ಅಂದುಕೊಂಡು ಬಂದೆ. ಮಹಡಿ ಮೇಲಿನ ಕೋಣೆ ಬೇಡ, ಮುಂದಿನ ಕೋಣೇನೇ ಕೊಡು. ಟಿವಿ ಅಲ್ಲೇ ಇರಲಿ."

ಎರಡು ವರ್ಷದ ಮೇಲೆ, ಜನವರಿಯಲ್ಲಿ, ಕೊಳವೆ ಬಂದು ಬೆಚ್ಚಗಾದ ಮನೆಯಲ್ಲಿ, ಡೆರಿಕ್‌ನ ಕುರ್ಚಿಯಲ್ಲಿ ಎನಿಡ್ ಕೋಟಿಲ್ಲದೆ ಕೂತಿದ್ದರು. ಅವನು ಕೊಟ್ಟ ಮಾತು ಉಳಿಸಿಕೊಂಡಿದ್ದ.